ಸರಸ್ವತಿಯನ್ನು ಕೂರಿಸಿದ ಮೇಜು

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ಕಾಫಿ ಮಾಡುವ ನೆಪದಲ್ಲಿ ಎದ್ದು ಹೋಗುತ್ತಿದ್ದವಳು ನಾನು. ಈಗ ನೀವು ಹಾಗೆ ಎದ್ದು ಹೋದರೂ ನನಗೆ ಬೇಸರವಿಲ್ಲ.

ಡಾಟ್‌ಕಾಂ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ. ನಾವು ಅಮೆರಿಕದ ಸ್ಯಾನ್ ರಮೋನ್‌ನ ಅಪಾರ್ಟ್‌ಮೆಂಟಿನಲ್ಲಿದ್ದೆವು. ಹತ್ತಿರದ ವಾಲ್ನಟ್ ಕ್ರೀಕ್‌ನಲ್ಲಿ ತೀರಿಕೊಂಡ ಮುದುಕಿಯೊಬ್ಬರ ಮನೆಸಾಮಾನು ಮಾರಾಟಕ್ಕಿದ್ದಾಗ ಹಳೆಯ ಅಮೆರಿಕನ್ ಮೇಜೊಂದನ್ನು ಕೊಂಡು ತಂದೆವು. ಕೆಳಗೆ ಡ್ರಾಯರುಗಳು, ನಡುವೆ ಮುಂದಕ್ಕೆ ಬಿಚ್ಚಿಕೊಳ್ಳುವ ಬರೆಯುವ ಹಲಗೆ, ಮೇಲೆ ಗಾಜಿನ ಬಾಗಿಲಿನ ಪುಸ್ತಕದ ಕಪಾಟು, ಎಲ್ಲ ಒಂದೇ ಮೈಯಲ್ಲಿ. ಅದರ ಮುಂದೆ ಕೂತು ಓದುವ ಆಸೆ ನನ್ನದು. ಮಗುವನ್ನು ನೋಡಿಕೊಳ್ಳಲು ಮೈಸೂರಿನಿಂದ ಬಂದಿದ್ದ ಅಮ್ಮನ ಲೆಕ್ಕವೇ ಬೇರೆ. ಇಷ್ಟು ಲಕ್ಷಣವಾದ ಬಾಗಿಲು ದೇವರಿಗಲ್ಲದೆ ಇನ್ನೇತಕ್ಕೆ ಎಂದು ಫೋಟೋಗಳನ್ನೆಲ್ಲ ಕಪಾಟಿಗೆ ಸೇರಿಸಿಬಿಟ್ಟಳು.

ಸರಸ್ವತಿ ಪೂಜೆಯ ದಿನ ಹಲಗೆ ಬಿಚ್ಚಿ, ಅದರ ಮೇಲೆ ಮನೆಯ ಪುಸ್ತಕಗಳನ್ನೆಲ್ಲ ಪೇರಿಸಿ, ಒಗೆದ ಬಿಳಿ ಪಂಚೆ ಹೊದಿಸಿ, ಪಕ್ಕದಲ್ಲಿ ದೀಪ ಹಚ್ಚಿದಳು. ನನ್ನ ಲ್ಯಾಪ್‌ಟಾಪೂ ಪೂಜೆಗೆ ಹೋದ್ದರಿಂದ ನಾನು ಬರಿಗೈಯಲ್ಲಿ ಆಫೀಸಿಗೆ ಹೊರಟೆ. ಒಂದು ದಿನ ರಜ ಕೇಳಿದರೆ ಕಾಯಂ ರಜ ಸಿಗುವ ದಿನಗಳವು.

ಹೊಗೆಯಾದರೆ ಕೂಗುವ ಅಲಾರಂನ ಬ್ಯಾಟರಿಯನ್ನು ಆಗಲೇ ತೆಗೆದಿಟ್ಟಿದ್ದೆವು. ಒಗ್ಗರಣೆ ಹಾಕಿದಾಗಲೆಲ್ಲ ಅದು ಕಿರುಚಿ ಅಕ್ಕಪಕ್ಕದವರನ್ನು ಎಬ್ಬಿಸುತ್ತಿತ್ತು. ನಮ್ಮವರ ಎಷ್ಟೋ ಮನೆಗಳಲ್ಲಿ ಅದರ ಗತಿ ಅಷ್ಟೇ.

ಮಧ್ಯಾಹ್ನ ಬೇಗನೆ ವಾಪಸು ಬಂದೆ. ಬಾಗಿಲಿಗೆ ಒಳಗಿನಿಂದ ಚೈನು ಹಾಕಿತ್ತು. ತುಂಬ ಹೊತ್ತು ಬಡಿದ ಮೇಲೆ ಒಳಕೋಣೆಯಲ್ಲಿ ಮಲಗಿದ್ದ ಅಮ್ಮ ನಿದ್ದೆಗಣ್ಣಲ್ಲಿ ಬಂದು ತೆಗೆದಳು. ಸುಟ್ಟ ಬಟ್ಟೆಯ ವಾಸನೆ ಬಡಿಯಿತು. ಪಂಚೆಯ ಅಂಚು ಜಾರಿ ದೀಪಕ್ಕೆ ತಾಗಿ, ಅಂಗೈಯಗಲ ಕರಕಾಗಿ, ಅಲ್ಲಿಗೇ ನಿಂತಿತ್ತು. ದೀಪವೂ ಆರಿತ್ತು. ಬತ್ತಿಯ ಎಣ್ಣೆ ಹನಿಹನಿಯಾಗಿ ಚಿಮ್ಮಿತ್ತು, ಜೋರಾಗಿ ಊದಿದರೆ ಚಿಮ್ಮುವ ಹಾಗೆ. ಆದರೆ ಹನಿಗಳು ಕಪಾಟಿನ ಗಾಜಿನ ಮೇಲಿರಲಿಲ್ಲ. ಈಚೆಗೆ, ನೆಲದ ಮೇಲೆ, ಮೇಜಿನೆದುರಿಗಿದ್ದ ಮಗುವಿನ ತೊಟ್ಟಿಲ ಕಡೆಗೆ ಬಿದ್ದಿದ್ದವು. ಊದಿದ್ದರೆ ಮೇಜಿನ ಕಡೆಯಿಂದಲೇ ಊದಿರಬೇಕು. ಇನ್ನೂ ಮಾತು ಬಾರದ ಮಗಳು ತೊಟ್ಟಿಲ ಕಂಬಿಗೆ ಒರಗಿ ನಿಂತು, ಗಾಜಿನ ಬಾಗಿಲನ್ನೇ ನೋಡುತ್ತ, ಹುಟ್ಟುಹಬ್ಬದ ಕೇಕಿನ ಮುಂದೆ ತಟ್ಟುವಂತೆ ಚಪ್ಪಾಳೆ ತಟ್ಟುತ್ತಿದ್ದಳು. ಅವಳನ್ನು ಎತ್ತಿಕೊಂಡು ಬೆರಳು, ಅಂಗಾಲು ಎಲ್ಲ ತಡವಿ ನೋಡಿದೆ.

ಸಂಜೆ ಬಂದ ನನ್ನ ಗಂಡ ಗಾಳಿಯಿರಬೇಕು ಎಂದರು. ಕಿಟಕಿಗಳೆಲ್ಲ ಮುಚ್ಚಿದ್ದವು ಎಂದೆ. ಅವರು ಸ್ಟೂಲು ಹತ್ತಿ ಅಲಾರಂಗೆ ಬ್ಯಾಟರಿ ಹಾಕಿದರು.

ಹನಿ ಬಿದ್ದ ದಿಕ್ಕು ಕೂಡಿಬರದಿದ್ದರೂ ನನಗೆ ಅಮ್ಮನ ಮೇಲೆಯೇ ಅನುಮಾನ. ನಮ್ಮಲ್ಲಿ ದೀಪವನ್ನು ಬಾಯಿಂದ ಊದುವುದಿಲ್ಲ, ಹೂವಿನಿಂದ ಶಾಂತ ಮಾಡುತ್ತೇವೆ. ಗಾಬರಿಯಲ್ಲಿ ಊದಿ, ಆಮೇಲೆ ಹೇಳಿಕೊಳ್ಳಲು ನಾಚುತ್ತಿರಬಹುದು ಎಂದುಕೊಂಡೆ. ಊದಿದ್ದರೆ ತಪ್ಪೇನೂ ಇಲ್ಲ, ಹೇಳಮ್ಮ ಎಂದು ಮೆತ್ತಗೆ ಕೇಳಿದೆ.

ಅಮ್ಮ ಮೊಮ್ಮಗಳ ತಲೆ ಸವರುತ್ತ ಕಣ್ಣು ತುಂಬಿಕೊಂಡಳು.

“ನಾನೇ ಊದಿದ್ದಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು ಕಣೇ. ಮಗು ಹತ್ರ ಎಚ್ಚರವಾಗಿದ್ದೆ ಅಂತಾದ್ರೂ ಆಗ್ತಿತ್ತು.”

ಊದಿದ್ದು ಯಾರೆಂದು ಇವತ್ತಿಗೂ ತಿಳಿದಿಲ್ಲ.