ಬಾವಿಕಟ್ಟೆಯ ದೃಶ್ಯದಲ್ಲಿ ಕೇಳಿದ ಮಾತು

ಆ ಮಾತನ್ನು ನಾನು ಕಿವಿಯಾರೆ ಕೇಳಿದೆನೋ, ಬೇಕೆನಿಸಿ ಆಮೇಲೆ ನೆನಪಿಗೆ ಸೇರಿಸಿಕೊಂಡೆನೋ, ಬಹಳ ಕಾಲ ನನಗೆ ಖಚಿತವಿರಲಿಲ್ಲ. ಅನುಮಾನವಿಲ್ಲದೆ ನೆನಪಿರುವುದು ಕೂಲರ್ ಒಂದೇ. ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸುಗಳ ನಡುವಿನ ಸಮುದಾಯ ಭವನದಲ್ಲಿ, ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ, ಆಳೆತ್ತರದ ಆ ತಗಡಿನ ಪೆಟ್ಟಿಗೆ ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತ ನಮ್ಮೆಲ್ಲರ ಮೇಲೆ ಒದ್ದೆ ಹುಲ್ಲಿನ ವಾಸನೆಯ ಗಾಳಿಯನ್ನು ಸುರಿಯುತ್ತಿತ್ತು. ನಮ್ಮ ಕನ್ನಡ ಕೂಟದ ಸಿನಿಮಾ ಪ್ರದರ್ಶನಗಳಿಗೆ ಒಂದು ಪದ್ಧತಿಯಿದೆ. ದೆಹಲಿಯ ಬೇಸಿಗೆಯನ್ನು ಉಂಡವರಿಗೆ ಅದು ವಿಚಿತ್ರವೆನಿಸದು. ತೆರೆಯ ಮೇಲೆ ಮಾತು ಬಂದರೆ ಕೂಲರ್ ಆರಿಸುವುದು, ಹಾಡು ಬಂದರೆ ಹಾಕುವುದು. ಅಂದು ಸ್ವಿಚ್ಚಿನ ಪಕ್ಕ ಕೂತಿದ್ದ ನಿವೃತ್ತ ಅಧಿಕಾರಿಗಳು ಬೇಗನೆ ನಿದ್ದೆಹೋದರು.

"ಸರ್, ಕಥೆ ಬೇಕೋ ಗಾಳಿ ಬೇಕೋ ಹೇಳ್ಬಿಡಿ" ಎಂದು ಹಿಂದಿನ ಸಾಲಿನಿಂದ ಯಾರೋ ಎಬ್ಬಿಸಲು ನೋಡಿದರು.

"ಮಲಗ್ಲಿ ಬಿಡ್ರೀ, ಗಾಳಿನೇ ಇರ್ಲಿ" ಎಂದರು ಇನ್ಯಾರೋ. ಗಾಳಿಯೇ ಗೆದ್ದಿತು.

ಸಿನಿಮಾ ಆಯ್ಕೆ ಮಾಡಿದ್ದು ನಾನು. ಊರಾಚೆಯ ಕೇರಿಯೊಂದರ ಜನ ಊರಿನ ಬಾವಿಯ ನೀರಿಗಾಗಿ ಪಡುವ ಪಾಡಿನ ಕಥೆ; ವರ್ಷಗಳ ಹಿಂದೆ ನೋಡಿ ಮೆಚ್ಚಿದ್ದೆ. ನನ್ನ ಬಲಕ್ಕೆ ಹೆಂಡತಿ ವಿನಯಾ ಕೂತಿದ್ದಳು. ಎಡಕ್ಕೆ ಮೈಸೂರಿನ ಹಾಸ್ಟೆಲ್ ದಿನಗಳಿಂದ ಗೆಳೆಯನಾದ ಮಹದೇವ, ಅವನ ಆಚೆ ಅವನ ಹದಿಮೂರರ ಮಗಳು ನಿಧಿ. ಅವನ ಹೆಂಡತಿ ಸುಜಾತ ಹಿಂದಿನ ಕೋಣೆಯಲ್ಲಿ ಊಟದ ಏರ್ಪಾಡು ನೋಡಿಕೊಳ್ಳುತ್ತಿದ್ದರು.

ಮಹದೇವ ಕೊಳ್ಳೇಗಾಲದ ಕಡೆಯ ಒಂದು ಹಳ್ಳಿಯ ದಲಿತ ಕೇರಿಯವನು. ಕೇಂದ್ರ ಸರ್ಕಾರದ ಕೆಲಸಕ್ಕೆ ಸೇರಿ ದೆಹಲಿಗೆ ಬಂದವನಿಗೆ ಈ ಊರು ಒಂದು ವಿಷಯದಲ್ಲಿ ಬಹಳ ಇಷ್ಟವಾಯಿತು. "ಇಲ್ಲಿ ನಂಗೂ ನಿಂಗೂ ಒಂದೇ ಜಾತಿ ಕಣಯ್ಯ, ಮದ್ರಾಸಿ" ಎಂದು ನಗುತ್ತಿದ್ದ. ಆ ಒಂದೇ ಪದದ ನೆರಳಿನಲ್ಲಿ ಅವನು ಮಗಳನ್ನು ಬೆಳೆಸಿದ. ಕೇರಿಯ ಸಂಗತಿಯನ್ನು ಅವಳಿಗೆ ಹೇಳಿರಲಿಲ್ಲ. ಮುಚ್ಚಿಟ್ಟನೆನ್ನುವುದಕ್ಕಿಂತ ಮುಂದೂಡಿದನೆಂದರೆ ಸರಿ. ಆದರೆ ಆ ವರ್ಷ ಶಾಲೆಯಲ್ಲಿ ಯಾರೋ ಅವಳನ್ನು "ತುಮ್ ಲೋಗ್ ಕೌನ್ ಹೋ?" ಎಂದು, ಜಾತಿ ತಿಳಿಯಲು, ಕೇಳಿದ್ದರು. ಅವಳು "ಕನ್ನಡಿಗಾಸ್" ಎಂದು ಉತ್ತರಿಸಿ, ಕೇಳಿದವರು ಯಾಕೆ ನಕ್ಕರೆಂದು ತಿಳಿಯದೆ ಮನೆಗೆ ಬಂದಿದ್ದಳು.

ಹಿಂದಿನ ವಾರ ಅವರ ಮನೆಯಲ್ಲಿ ಇದೇ ಮಾತು ನಡೆದಿತ್ತು. ಸಿನಿಮಾಕ್ಕೆ ಕರೆದುಕೊಂಡು ಹೋದರೆ ಮಾತು ತಾನಾಗಿ ಶುರುವಾಗುತ್ತದೆ ಎಂಬುದು ಮಹದೇವನ ಲೆಕ್ಕ. ನಾನೂ ತಲೆಯಾಡಿಸಿದೆ.

"ನೀವಿಬ್ರೂ ಓದಿದ್ದು ಜಾಸ್ತಿಯಾಯ್ತು" ಎಂದರು ಸುಜಾತ. "ತಾನು ಯಾರು ಅಂತ ಮಗು ಪರದೆ ಮೇಲೆ ನೋಡಿ ತಿಳ್ಕೋಬೇಕಾ? ಅಲ್ಲಿ ನಮ್ಮೋರು ಒದೆ ತಿನ್ನೋದು ಬಿಟ್ಟು ಇನ್ನೇನು ಮಾಡ್ತಾರೆ? ಮೊದ್ಲು ನಿಮ್ ಬಾಯಿಂದ ಕೇಳ್ಲಿ, ಸಿನಿಮಾ ಆಮೇಲೆ."

ಶನಿವಾರ ಹೇಳುತ್ತೇನೆಂದ ಮಹದೇವ. ಭಾನುವಾರ ಭವನದ ಬಾಗಿಲಲ್ಲಿ ಅವನ ಮುಖ ನೋಡಿದಾಗಲೇ ಹೇಳಿಲ್ಲವೆಂದು ನನಗೆ ತಿಳಿಯಿತು. ಇಷ್ಟೇ ಸಂಗತಿ, ಓದುಗರೇ: ಆ ಹುಡುಗಿಗೆ ಮೊದಲು ಹೇಳುವುದು ಯಾರು, ಅಪ್ಪನೋ ಸಿನಿಮಾವೋ.

ಸುಜಾತರ ಮಾತು ತಲೆಯಲ್ಲಿದ್ದುದರಿಂದಲೋ ಏನೋ, ಹಿಂದೆ ಮೆಚ್ಚಿದ್ದ ಸಿನಿಮಾ ಅಂದು ಬೇರೆಯಾಗಿ ಕಂಡಿತು. ಕೇರಿಯ ಜನರೆಲ್ಲರ ಮುಖಕ್ಕೂ ಒಂದೇ ಬಗೆಯ ಬೂದು ಬಣ್ಣ. ಯಾರ ಮನೆಯ ಗೋಡೆಗೂ ಸುಣ್ಣವಿಲ್ಲ, ಯಾರ ಪಾತ್ರೆಗೂ ಹೊಳಪಿಲ್ಲ. ಎರಡು ಗಂಟೆಯ ಚಿತ್ರದಲ್ಲಿ ಒಬ್ಬರೂ ಒಬ್ಬರನ್ನು ಚುಡಾಯಿಸುವುದಿಲ್ಲ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಜಗಳವಾಡುವುದಿಲ್ಲ. ನರಳುವುದು ಅವರ ಪಾಲಿನ ಕೆಲಸ, ಮರುಗುವುದು ನಮ್ಮ ಪಾಲಿನದು. ಬಿಡಿಸುವವನು ಮಾತ್ರ ಹೊರಗಿನಿಂದ ಬರಬೇಕು, ಆದಷ್ಟೂ ಕನ್ನಡಕ ಹಾಕಿಕೊಂಡು. ಆ ಕನ್ನಡಕದವನಲ್ಲಿ ನಾನು ನನ್ನನ್ನೇ ಕಂಡುಕೊಂಡಿದ್ದರಿಂದ ಹಿಂದೆ ಸಿನಿಮಾ ಅಷ್ಟು ಹಿಡಿಸಿತ್ತೆಂದು ಈಗ ಊಹಿಸಬಲ್ಲೆ. ಇತ್ತೀಚೆಗೆ ಕೇರಿಗಳಿಂದಲೇ ಬಂದ ನಿರ್ದೇಶಕರು ತೆಗೆಯುವ ಚಿತ್ರಗಳಲ್ಲಿ ಜನ ಒಳ್ಳೆಯ ಅಂಗಿ ತೊಡುತ್ತಾರೆ, ಕುಣಿಯುತ್ತಾರೆ, ತಿರುಗಿ ಬೀಳುತ್ತಾರೆ. ಅಲ್ಲಿಯೂ ಒಂದು ಸಿದ್ಧ ಅಚ್ಚು ತಯಾರಾಗುತ್ತಿದೆಯೇ ಎಂಬ ಅನುಮಾನ ನನಗುಂಟು, ತಮಟೆಯ ಸದ್ದಿಗೆ ನಾಯಕ ನಿಧಾನವಾಗಿ ನಡೆದು ಬಂದಾಗಲೆಲ್ಲ. ಆದರೂ ಮರುಕದ ಅಚ್ಚಿಗಿಂತ ಅದು ವಾಸಿ. ಅನ್ಯಾಯವನ್ನು ತೋರಿಸುವುದು ಕಷ್ಟವಲ್ಲ. ಅದನ್ನು ಅನುಭವಿಸಿದವರಿಗೆ ಅದರಾಚೆಗೂ ಒಂದು ಬದುಕಿತ್ತೆಂದು ತೋರಿಸುವುದು ಕಷ್ಟ.

ಬಾವಿಕಟ್ಟೆಯ ದೃಶ್ಯ ಬಂತು. ಒಬ್ಬ ಮುದುಕಿ ಮೊಮ್ಮಗಳೊಂದಿಗೆ ಬಾವಿಯಿಂದ ದೂರ, ಖಾಲಿ ಕೊಡ ಇಟ್ಟುಕೊಂಡು ನಿಂತಿದ್ದಾಳೆ. ಊರಿನವರು ಯಾರಾದರೂ ಸೇದಿ ಮೇಲಿನಿಂದ ಸುರಿಯಬೇಕು. ಒಬ್ಬೊಬ್ಬರೇ ಬಂದು ತಮ್ಮ ಕೊಡ ತುಂಬಿಕೊಂಡು ಹೋಗುತ್ತಾರೆ. ಕ್ಯಾಮೆರಾ ಮುದುಕಿಯ ಮುಖ ಬಿಟ್ಟು ಅಲುಗುವುದಿಲ್ಲ.

ಇಲ್ಲಿಂದ ಮುಂದಿನದು ನನ್ನ ನೆನಪು. ನಿಧಿ ಅಪ್ಪನ ಕಡೆ ಬಾಗಿ ಕೇಳಿದಳು: "ಅಪ್ಪಾ, ಇವ್ರು ಖುದ್ ಯಾಕೆ ನೀರು ತಗೊಳ್ಳಲ್ಲ?" ಆಮೇಲೆ ಒಂದು ದನಿ: "ಮುಟ್ಟಕ್ಕೆ ಬಿಡ್ತಿರ್ಲಿಲ್ಲ. ನಮ್ಮವ್ವನೂ ಹಿಂಗೇ ನಿಂತ್ಕೋತಿದ್ಲು. ಆದ್ರೆ ಸುಮ್ನೆ ನಿಲ್ತಿರ್ಲಿಲ್ಲ. ನೀರು ಹುಯ್ಯೋವರೆಗೂ ಅವ್ರ ಏಳು ತಲೆಮಾರು ಬಯ್ತಿದ್ಲು." ಬಳಿಕ ಒಂದು ಕಿಸಕ್ಕೆಂಬ ನಗು, ಮುಂದಿನ ಸಾಲಿನಿಂದ ಯಾರದೋ "ಶ್".

ಮೆಟ್ರೋದಲ್ಲಿ ನೋಯ್ಡಾಕ್ಕೆ ಮರಳುವಾಗ ಇದನ್ನು ವಿನಯಾಗೆ ಹೇಳಿದೆ. ಅವಳು ಒಪ್ಪಲಿಲ್ಲ.

"ಆ ಕೂಲರ್ ಸದ್ದಿನಲ್ಲಿ ಪಕ್ಕದವನ ಪಿಸುಮಾತು ನಿನಗೆ ಹೇಗೆ ಕೇಳುತ್ತೆ? ಅದು ಸ್ಪೀಕರ್‌ನಲ್ಲಿ ಬಂದಿದ್ದು. ಸಿನಿಮಾದ ಮುದುಕಿ ಹೇಳಿದ್ದು."

"ನೀನು ಕೇಳಿದೆಯಾ?"

"ಒಂದಿಷ್ಟು ಕೇಳಿಸ್ತು. ಎಲ್ಲಿಂದ ಅಂತ ನೋಡ್ಲಿಲ್ಲ. ನಿನ್ ಥರ ಫುಟ್‌ನೋಟ್ ಹಾಕ್ಕೊಂಡು ಸಿನಿಮಾ ನೋಡಲ್ಲ ನಾನು."

ನಾನು ಪಾಠ ಮಾಡುವ ವಿಶ್ವವಿದ್ಯಾಲಯ ನನಗೆ ಕಲಿಸಿದ್ದು ಒಂದೇ, ತೀರ ಚೆನ್ನಾಗಿ ಹೊಂದಿಕೊಳ್ಳುವ ಸಾಕ್ಷ್ಯವನ್ನು ನಂಬಬಾರದೆಂದು. ಸಿನಿಮಾದ ಕೊರತೆಯನ್ನೇ ತುಂಬುವಂಥ ಮಾತು, ನನಗೆ ಬೇಕಾದ ಕ್ಷಣದಲ್ಲಿ, ನನಗೆ ಪ್ರಿಯನಾದ ಗೆಳೆಯನ ಬಾಯಲ್ಲಿ! ಇಂಥ ನೆನಪನ್ನು ಬೇರೆಯವರು ತಂದಿದ್ದರೆ ನಾನು ವಾಪಸು ಕಳಿಸುತ್ತಿದ್ದೆ.

ಅವನನ್ನೇ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೇಳಿದೆ, ಆದರೆ ವರ್ಷಗಳು ಕಳೆದ ಮೇಲೆ. ಅವರ ಮನೆಯಲ್ಲಿ ಕೂತಿದ್ದಾಗ ಮಾತು ಆ ಮಧ್ಯಾಹ್ನಕ್ಕೆ ತಿರುಗಿತ್ತು. ಸುಜಾತರಿಗೆ ಆ ಬೇಸರ ಹೋಗಿರಲಿಲ್ಲ.

"ಮನೆಗೆ ಬಂದ್ಮೇಲೆ ಕೂರಿಸ್ಕೊಂಡು ಎಲ್ಲಾ ಹೇಳಿದ್ರು, ಇಲ್ಲ ಅನ್ನಲ್ಲ. ಆದ್ರೆ ಸಿನಿಮಾ ಹೇಳಿದ್ಮೇಲೆ ಹೇಳಿದ್ರು. ಪಂಚಾಯ್ತಿ ಸೀನಲ್ಲಿ ಆ ಗೌಡ ನಮ್ ಜಾತಿ ಹೆಸರು ಹಿಡಿದು ಬೈತಾನಲ್ಲ, ಅದೇ ನನ್ ಮಗಳಿಗೆ ಮೊದಲ್ನೇ ಪಾಠ."

"ಬಾವಿ ಸೀನಲ್ಲಿ ಏನೋ ಹೇಳ್ದೆ ಕಣೆ" ಎಂದ ಮಹದೇವ.

"ಏನ್ ಹೇಳಿದ್ರಿ?"

ಅವನು ಯೋಚಿಸಿದ. "ಆವತ್ತು ರಾತ್ರಿ ಎಷ್ಟೊಂದು ಮಾತಾಯ್ತು. ಯಾವ್ದು ಅಲ್ಲಿ, ಯಾವ್ದು ಇಲ್ಲಿ ಅಂತ ಆಣೆ ಮಾಡಿ ಹೇಳಕ್ಕಾಗಲ್ಲ." ಸುಜಾತ ನನ್ನತ್ತ ನೋಡಿದರು, ತೀರ್ಪು ಬಂದಾಯಿತೆಂಬಂತೆ.

ಕಾಲೇಜು ಮುಗಿಸಿ ಕುಳಿತಿದ್ದ ನಿಧಿ ಇನ್ನೂ ಗೊಂದಲ ಮಾಡಿದಳು. "ಅಂಕಲ್, ಮುಝೇ ತೋ ಅಜ್ಜಿ ಬೈಯೋದು ಪಕ್ಕಾ ಯಾದ್ ಇದೆ. ಏಳು ತಲೆಮಾರು ವಾಲಾ. ಪಿಕ್ಚರ್‌ನಲ್ಲೇ ಇತ್ತಲ್ವಾ? ಫ್ರೆಂಡ್ಸ್‌ಗೆಲ್ಲಾ ಹೇಳಿದೀನಿ, ಒಂದು ಕನ್ನಡ ಪಿಕ್ಚರ್ ಇದೆ, ಅದ್ರಲ್ಲಿ ಅಜ್ಜಿ ಸುಮ್ನೆ ನಿಲ್ಲಲ್ಲ ಅಂತ." ಹೇಳುವಾಗ ಅವಳ ಮುಖದಲ್ಲಿ ಒಂದು ಜಂಬವಿತ್ತು. ಶಾಲೆಯ ಆ ಪ್ರಶ್ನೆಗೆ ಈಗ ನೇರವಾಗಿ ಉತ್ತರಿಸುತ್ತಾಳಂತೆ; ಯಾರಾದರೂ ನಕ್ಕರೆ ಬಯ್ಯುವುದೂ ಉಂಟಂತೆ.

ಅಲ್ಲಿಗೆ ಸಾಕ್ಷಿಗಳು ಇಬ್ಬರು, ವಿನಯಾ ಮತ್ತು ನಿಧಿ; ಇಬ್ಬರೂ ನನ್ನ ವಿರುದ್ಧ. ಆ ಮಾತು ಸಿನಿಮಾದ್ದೇ ಎನ್ನುವುದಾದರೆ ಮುದುಕಿಯನ್ನು ಮೂಕಿ ಮಾಡಿದರೆಂಬ ನನ್ನ ದೂರು ಬಿದ್ದುಹೋಗುತ್ತದೆ, ನಿರ್ದೇಶಕರಿಗೆ ನಾನು ಕ್ಷಮೆ ಕೇಳಬೇಕಾಗುತ್ತದೆ. ಅದಕ್ಕೂ ಸಿದ್ಧನಿದ್ದೆ. ಆದರೆ ಸುಜಾತರ ತೀರ್ಪು ಹಾಗೇ ನಿಲ್ಲುವುದು ನನ್ನನ್ನು ಕೊರೆಯುತ್ತಿತ್ತು. ಮಹದೇವ ಅದನ್ನು ಒಪ್ಪಿಕೊಂಡಂತೆ ಸುಮ್ಮನಾಗಿದ್ದು ಅದಕ್ಕಿಂತ ಹೆಚ್ಚು.

ಹುಡುಕಿದರೆ ಆ ಸಿನಿಮಾ ಫೋನಿನಲ್ಲೇ ಸಿಕ್ಕಿತು. ಮರುದಿನ ಬೆಳಿಗ್ಗೆ ಅಡುಗೆಮನೆಯ ಕಟ್ಟೆಗೆ ಫೋನನ್ನು ಒರಗಿಸಿ, ವಿನಯಾಳನ್ನೂ ಕರೆದು, ಬಾವಿಕಟ್ಟೆಯ ದೃಶ್ಯವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದೆ; ಅದು ಗೌಡ ಬೈಯುವ ಪಂಚಾಯಿತಿಯ ದೃಶ್ಯಕ್ಕಿಂತ ಮೊದಲೇ ಬರುತ್ತದೆ. ಅವಳು ಒಗ್ಗರಣೆಯ ಒಲೆ ಆರಿಸಿ, ಇನ್ನೊಮ್ಮೆ ಹಾಕು ಎಂದಳು. ಇನ್ನೊಮ್ಮೆ ನೋಡಿದೆವು. ಆಮೇಲೆ ಸುಜಾತರಿಗೆ ಫೋನು ಮಾಡಿ ಕಂಡದ್ದನ್ನು ಕಂಡಂತೆ ಹೇಳಿದೆ: ರಾಟೆಯ ಸದ್ದಿದೆ, ನೀರಿನ ಸದ್ದಿದೆ, ಆ ದೃಶ್ಯದಲ್ಲಿ ಯಾರೂ ಒಂದು ಮಾತನ್ನೂ ಆಡುವುದಿಲ್ಲ.