ಆಯುಧಪೂಜೆ ಮುಗಿದ ಮೇಲೆ ಮುನಿದ ಮೇಲ್ ಸರ್ವರ್

ಮೂರು ವರ್ಷದ ಹಿಂದಿನ ದಸರಾ. ಆಗ ನಾನು ವಾಡಿಯಿಂದ ದಿನಾ ರೈಲಿನಲ್ಲಿ ಸೇಡಂಗೆ ಹೋಗಿ, ಅಲ್ಲಿನ ಒಂದು ಖಾಸಗಿ ಕಾಲೇಜಿನ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತಿದ್ದೆ. ಕಾಲೇಜಿನವರೆಲ್ಲರ ಇ-ಮೇಲ್ ನಡೆಸುವ ಯಂತ್ರ, ಮೇಲ್ ಸರ್ವರ್ ಕೂಡ ನನ್ನ ಸುಪರ್ದಿಯಲ್ಲೇ ಇತ್ತು. ಕರೆಂಟ್ ಹೋದರೂ ಬ್ಯಾಟರಿಯ ಮೇಲೆ ಓಡುವ ಆ ಯಂತ್ರವನ್ನು ವರ್ಷಕ್ಕೊಮ್ಮೆ ಮಾತ್ರ ಆಫ್ ಮಾಡುತ್ತಿದ್ದೆವು, ಆಯುಧಪೂಜೆಗೆ. ಅವತ್ತು ಯಂತ್ರಕ್ಕೂ ವಿಶ್ರಾಂತಿ ಕೊಡಬೇಕೆಂಬುದು ಅಲ್ಲಿನ ರೂಢಿ. ಪೂಜೆ ಮಾಡುತ್ತಿದ್ದದ್ದು ಜವಾನ ಸಾಬಣ್ಣ. ನನ್ನ ತಂದೆಯ ವಯಸ್ಸಿನವರು, ಗುತ್ತಿಗೆ ಕೆಲಸ.

ಹಬ್ಬ ಮುಗಿಸಿ ಬಂದು ಸ್ವಿಚ್ ಹಾಕಿದೆ. ಯಂತ್ರ ಶುರುವಾಯಿತು, ಆದರೆ ಯಾರ ಇ-ಮೇಲ್ ಕೂಡ ತೆರೆಯುತ್ತಿಲ್ಲ. ಪರದೆಯ ಮೇಲೆ ಒಂದೇ ರಾಗ: ಡೇಟಾಬೇಸ್ ಪಾಸ್‌ವರ್ಡ್ ತಪ್ಪು, ಪ್ರವೇಶವಿಲ್ಲ. ವಿಚಿತ್ರವೆಂದರೆ, ಪಾಸ್‌ವರ್ಡನ್ನು ನಾನೇ ಟೈಪ್ ಮಾಡಿದರೆ ಎಲ್ಲರ ಖಾತೆಗಳ ವಿವರವಿರುವ ಆ ಡೇಟಾಬೇಸ್ ತೆರೆಯುತ್ತದೆ, ಸರ್ವರ್ ಕೇಳಿದರೆ ಒಲ್ಲೆ ಎನ್ನುತ್ತದೆ! ತಿಂಗಳ ಹಿಂದೆ ನಾನು ಆ ಪಾಸ್‌ವರ್ಡ್ ಬದಲಿಸಿದ್ದು ನಿಜ. ಆದರೆ ಆಮೇಲೂ ಎಲ್ಲ ಸರಾಗ ನಡೆದಿತ್ತಲ್ಲ? ತಲೆ ಕೆಟ್ಟು ಮೊಸರಾಯಿತು.

ಅಷ್ಟರಲ್ಲಿ ಪ್ರಿನ್ಸಿಪಾಲರು ಬಂದರು. "ಹಬ್ಬದ ತನಕ ಛಲೋ ಇತ್ತಲ್ಲ, ಈಗೇನಾತ್ರಿ?"

ಯಂತ್ರದ ಮೇಲಿನ ಕುಂಕುಮದತ್ತ ನನ್ನ ಕಣ್ಣು ಹೋಯಿತು. "ಪೂಜಾದಾಗ ನೀರ್‌ಗೀರ್ ಬಿದ್ದಿರಬೇಕ್ರಿ ಸರ" ಎಂದುಬಿಟ್ಟೆ. ನಂಬಿ ಹೇಳಿದೆನೋ, ತಪ್ಪಿಸಿಕೊಳ್ಳಲು ಹೇಳಿದೆನೋ, ಇವತ್ತಿಗೂ ನನಗೆ ತಿಳಿಯದು.

ಸಾಬಣ್ಣನನ್ನು ಕರೆಸಿದರು. "ಇದರ ಮ್ಯಾಲ ನೀರ್ ಹಾಕಿದಿಯೇನೋ?"

"ಕುಂಕುಮ ಅಷ್ಟೇ ಹಚ್ಚೀನ್ರಿ ಸರ. ಕೈ ಹಸಿ ಇತ್ರಿ... ಒಂದೆರಡು ಹನಿ ಸಿಡಿದಿರಬಹುದ್ರಿ." ಪಾಪ, ಅವರಿಗೂ ಅನುಮಾನ ಶುರುವಾಗಿತ್ತು.

"ನಾಳಿಂದ ನೀ ಕೆಲ್ಸಕ್ಕ ಬರಬ್ಯಾಡ!"

ಸಾಬಣ್ಣ ಹೋಗಿ, ಹೊರಗಿನ ಪರ್ಸಿ ಚಪ್ಪಡಿ ಕಲ್ಲಿನ ಕಟ್ಟೆಯ ಮೇಲೆ ತಲೆತಗ್ಗಿಸಿ ಕುಳಿತರು. ಕಿಟಕಿಯಿಂದ ನನಗೆ ಕಾಣುತ್ತಲೇ ಇತ್ತು.

ಯಂತ್ರದ ಮುಚ್ಚಳ ಬಿಚ್ಚಿದೆ. ಒಳಗೆಲ್ಲ ಒಣಒಣ. ಮತ್ತೆ ಕುಳಿತು ಸೆಟ್ಟಿಂಗ್ ಫೈಲುಗಳನ್ನು ಸಾಲುಸಾಲಾಗಿ ಓದುತ್ತ ಹೋದೆ. ಪಾಸ್‌ವರ್ಡ್ ಎರಡು ಕಡೆ ಬರೆದಿತ್ತು: ಬಂದ ಮೇಲ್‌ಗಳನ್ನು ಪಡೆಯುವ ಭಾಗಕ್ಕೊಂದು, ನಮ್ಮ ಲಾಗಿನ್ ಪರೀಕ್ಷಿಸುವ ಭಾಗಕ್ಕೊಂದು. ನಾನು ಬದಲಿಸಿದ್ದು ಒಂದು ಕಡೆ ಮಾತ್ರ. ಲಾಗಿನ್ ಭಾಗ ಹಳೆಯ ಪಾಸ್‌ವರ್ಡ್‌ನಿಂದ ಮೊದಲೇ ಒಳಗೆ ಹೋಗಿ ಕೂತಿತ್ತು. ಮನೆಯೊಳಗಿದ್ದವರಿಗೆ ಹೊರಗಿನ ಬೀಗ ಬದಲಾದದ್ದು ಗೊತ್ತಾಗದಲ್ಲ, ಹಾಗೆ ತಿಂಗಳು ಕಳೆದಿತ್ತು. ಪೂಜೆಗೆಂದು ಯಂತ್ರ ನಿಲ್ಲಿಸಿದಾಗ ಅದು ಹೊರಗೆ ಬಿತ್ತು, ಮತ್ತೆ ಒಳಗೆ ಬರಲು ಹಳೆಯ ಪಾಸ್‌ವರ್ಡ್ ನಡೆಯಲಿಲ್ಲ. ಆಫ್ ಮಾಡಿದ್ದಷ್ಟೇ ಪೂಜೆಯ ಅಪರಾಧ. ಎರಡು ನಿಮಿಷದಲ್ಲಿ ಸರಿಪಡಿಸಿದೆ, ಮೇಲ್ ತೆರೆದುಕೊಂಡಿತು.

ಪ್ರಿನ್ಸಿಪಾಲರ ಎದುರು ಹೋಗಿ ನಿಂತೆ. "ಸರ, ತಪ್ಪು ನಂದೇ ಅದರಿ. ಪಾಸ್‌ವರ್ಡ್ ಒಂದ್ ಕಡಿ ಬದಲಿ ಮಾಡಿದ್ದಿಲ್ರಿ."

ಅವರು ನಕ್ಕರು. "ಹೋಗ್ಲಿ ಬಿಡ್ರಿ, ಮನಷ್ಯಾರ ಕೈಲೇ ತಪ್ಪು ಆಗ್ತಾವ. ಕುಂದರ್ರಿ, ಚಾ ಕುಡೀರಿ."

"ಸಾಬಣ್ಣ?"

"ನಾಳಿ ಬಾ ಅಂತ ಹೇಳ್ರಿ ಅವಗ."

ಅಷ್ಟೇ. ಅದೇ ತಪ್ಪು ಸಾಬಣ್ಣನವರದೆಂದುಕೊಂಡಾಗ ಕೆಲಸ ಹೋಗಿತ್ತು. ನನ್ನದೆಂದಾಗ ಚಹಾ ಬಂತು. ಇದು ಯಾವ ಲೆಕ್ಕವೋ ನನಗೆ ಅರ್ಥವಾಗಲಿಲ್ಲ. ಚಹಾ ಕುಡಿಯದೆ ಕಟ್ಟೆಯ ಬಳಿ ಹೋದೆ.

"ನಿಮ್ದೇನೂ ತಪ್ಪಿಲ್ರಿ ಸಾಬಣ್ಣ. ತಪ್ಪು ನಂದು, ನಾನೇ ನಿಮ್ಮ ಮ್ಯಾಲ ಹಾಕಿದ್ದೆ."

ಸಾಬಣ್ಣ ಗಾಬರಿಯಿಂದ ಎದ್ದು ನನ್ನ ಕೈ ಹಿಡಿದುಕೊಂಡರು.

"ಹಂಗಾದ್ರ ನಿಮ್ಮ ಕೆಲ್ಸ ಹೋತೇನ್ರಿ ಸರ?"

ಇಲ್ಲ ಎಂದು ಹೇಳಬೇಕಾಯಿತು. ಆ ಒಂದು ಮಾತು ಹೇಳುವಾಗ ಆದಷ್ಟು ನಾಚಿಕೆ ನನಗೆ ಮತ್ತೆಂದೂ ಆಗಿಲ್ಲ.