ಹಣೆಯೊಡ್ಡಿ ನಿಂತ ನಾಯಿ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ಗಂಟೆ ಬಾರಿಸಿ ಊಟ ಹಾಕುತ್ತಾ ಬಂದರೆ, ಕೊನೆಗೆ ಬರೀ ಗಂಟೆಯ ಸದ್ದಿಗೇ ನಾಯಿ ಜೊಲ್ಲು ಸುರಿಸುತ್ತದೆ ಎಂದು ಮಕ್ಕಳಿಗೆ ಹೇಳಿ ಹೇಳಿ, ನಾಯಿಯ ವಿಷಯದಲ್ಲಿ ನನಗೆ ತಿಳಿಯದ್ದೇನೂ ಇಲ್ಲ ಎಂಬ ಜಂಬ ಬಂದಿತ್ತು. ಆ ಜಂಬವನ್ನು ಸ್ಕೂಲಿನಲ್ಲೇ ಬಿಟ್ಟು ಬರಬೇಕಿತ್ತು. ಚಾಮರಾಜಪುರಂನ ನಮ್ಮ ಮನೆವರೆಗೂ ಹೊತ್ತು ತರುತ್ತಿದ್ದೆ.

ಮನೆಯಲ್ಲಿದ್ದದ್ದು ಅಪ್ಪಾಜಿ, ಅಮ್ಮ, ನಾನು ಮತ್ತು ಒಂದು ಕಂದು ಬಣ್ಣದ ಬೀದಿನಾಯಿ. ಮಂಡಿ ಮೊಹಲ್ಲಾದಲ್ಲಿದ್ದ ಅಪ್ಪಾಜಿಯ ಬೆಲ್ಲದ ಅಂಗಡಿಯಲ್ಲಿ, ಹತ್ತು ವರ್ಷದ ಹಿಂದೆ ಗೋಣಿಚೀಲಗಳ ಸಂದಿಯಲ್ಲಿ ಸಿಕ್ಕ ಮರಿ ಅದು. ಅಪ್ಪಾಜಿ ಬೆಳಗ್ಗೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ ನಡುಮನೆಯ ಗೋಡೆಗೊರಗಿ ಕೂರುತ್ತಿದ್ದರು. ನಾಯಿ ಹೋಗಿ ತಲೆ ಬಗ್ಗಿಸಿ ಹಣೆಯೊಡ್ಡುತ್ತಿತ್ತು. ಬೆರಳಲ್ಲಿ ಉಳಿದ ವಿಭೂತಿಯನ್ನು ಅವರು ಅದರ ಹಣೆಗೆ ಎಳೆದು, ಒಂದು ಚೂರು ಬಾಳೆಹಣ್ಣು ಕೊಡುತ್ತಿದ್ದರು. "ಬುದ್ಧಿಯೋರ ಪೂಜೆ ಆಯ್ತಾ?" ಎಂದು ಅಮ್ಮ ಮಠದ ಸ್ವಾಮಿಗಳನ್ನು ಕೇಳುವ ಹಾಗೆ ನಾಯಿಯನ್ನು ಕೇಳುತ್ತಿದ್ದರು.

"ಅದು ಬಗ್ಗೋದು ಬಾಳೆಹಣ್ಣಿಗೆ. ಅಭ್ಯಾಸಬಲ, ಅಷ್ಟೇ" ಎನ್ನುತ್ತಿದ್ದೆ ನಾನು.

"ನಿನ್ ಪುಸ್ತಕ ಓದ್ಕೊಂಡು ಹುಟ್ಟಿಲ್ಲ ಕಣಮ್ಮ ಅದು" ಎಂದು ಅಪ್ಪಾಜಿ ನಗುತ್ತಿದ್ದರು.

ಮರಿಯಾಗಿದ್ದಾಗ ಒಮ್ಮೆ ಅದು ಅವರ ಚಪ್ಪಲಿ ಕಡಿದು ಹಾಕಿತ್ತು. "ಇವತ್ತು ನಿಂಗೆ ವಿಭೂತಿ ಇಲ್ಲ, ಹೋಗು" ಎಂದು ಗದರಿದರು. ದಿನವಿಡೀ ಮಂಚದ ಕೆಳಗೆ ಅಡಗಿದ್ದ ಮರಿ, ಸಂಜೆ ಆ ಹರಿದ ಚಪ್ಪಲಿಯನ್ನೇ ಕಚ್ಚಿ ತಂದು ಅವರ ಮುಂದಿಟ್ಟು ಹಣೆಯೊಡ್ಡಿತು. ಅಪ್ಪಾಜಿ ಕರಗಿಹೋದರು. ಅಂದಿನಿಂದ ಏನು ತಪ್ಪು ಮಾಡಿದರೂ ಆ ಚಪ್ಪಲಿ ಬರುತ್ತಿತ್ತು. ಅದು ಕ್ಷಮೆ ಕೇಳುತ್ತಿದೆ ಎಂದು ಅವರು, ಬೈಗುಳ ನಿಲ್ಲಿಸುವ ಉಪಾಯ ಕಲಿತಿದೆ ಎಂದು ನಾನು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಒಂದು ಸೋಮವಾರ ನಾನು ರಾತ್ರಿಯೆಲ್ಲ ಕೂತು ತಿದ್ದಿದ್ದ ಉತ್ತರಪತ್ರಿಕೆಗಳ ಮೇಲೆ ನಾಯಿ ಕೆಸರುಗಾಲಿಟ್ಟು ಓಡಾಡಿತ್ತು. ನಾನು ಕೂಗಾಡಿದೆ. ಅಪ್ಪಾಜಿ ಅದರ ಪರ ವಹಿಸಿದರು. "ನಿಮಗೆ ಹೆತ್ತ ಮಗಳಿಗಿಂತ ಈ ನಾಯೀನೇ ಹೆಚ್ಚಾಗೋಯ್ತು" ಎಂದು ಬಾಗಿಲನ್ನು ಧಡಾರನೆ ಎಳೆದುಕೊಂಡು ಹೋದೆ. ಮಧ್ಯಾಹ್ನ ಅಪ್ಪಾಜಿ ಅಂಗಡಿಯಲ್ಲಿ ಕುಸಿದು ಬಿದ್ದರು. ಆಸ್ಪತ್ರೆಯಲ್ಲಿ ಎರಡು ದಿನ ಕಣ್ಣು ಬಿಡಲಿಲ್ಲ, ಮಾತಾಡಲಿಲ್ಲ. ಮೂರನೆಯ ದಿನ ಹೋಗಿಬಿಟ್ಟರು.

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಅಪ್ಪಾಜಿಯನ್ನೂ ಅದೇ ನಡುಮನೆಯಲ್ಲಿ, ಅದೇ ಗೋಡೆಗೆ ಒರಗಿಸಿ ಕೂರಿಸಿ, ಹಣೆ ತುಂಬ ವಿಭೂತಿ ಬಳಿದು ಹಾರ ಹಾಕಿದರು. ಮೂರು ದಿನದಿಂದ ಅವರನ್ನು ಕಾಣದ ನಾಯಿ ಹಿತ್ತಿಲಿಂದ ಓಡಿ ಬಂತು. ಮೈಯೆಲ್ಲ ಕುಣಿಸುತ್ತಾ ಅಳುವವರ ನಡುವೆ ನುಗ್ಗಿ, ಅವರ ಮಂಡಿಯ ಹತ್ತಿರ ಹಣೆಯೊಡ್ಡಿ ನಿಂತಿತು. ಕೈ ಮೇಲೇಳಲಿಲ್ಲ. ಇನ್ನಷ್ಟು ಬಗ್ಗಿತು. ಅದನ್ನು ಆಚೆ ಕರೆಯಲು ನಾನು ಬಾಳೆಹಣ್ಣು ಸುಲಿದು ಹಿಡಿದೆ. ನಿಜ ಹೇಳಬೇಕೆಂದರೆ, ಆ ಹೊತ್ತಿನಲ್ಲೂ ನನ್ನ ಮಾತೇ ಗೆಲ್ಲಲಿ ಎಂಬ ಆಸೆ ಎಲ್ಲೋ ಇತ್ತು. ಅದು ಹಣ್ಣಿನ ಕಡೆ ತಿರುಗಿಯೂ ನೋಡಲಿಲ್ಲ. ಒಳಗೆ ಹೋಗಿ ಆ ಹಳೆಯ ಚಪ್ಪಲಿ ತಂದು ಅವರ ಮುಂದಿಟ್ಟಿತು.

"ಅಯ್ಯೋ ಶಿವನೇ, ಎಕ್ಕಡ ತಂದಿಕ್ತು! ಓಡ್ಸಿ ಅದ್ನ!" ಎಂದು ನೆಂಟರೊಬ್ಬರು ಕೂಗಿದರು. ನನಗೆ ಅವಮಾನವಾಯಿತು. ಅದನ್ನು ದರದರನೆ ಹಿತ್ತಿಲಿಗೆ ಎಳೆದುಕೊಂಡು ಹೋಗಿ, ಅದೇ ಚಪ್ಪಲಿಯಲ್ಲಿ ಒಂದು ಏಟು ಹಾಕಿ, ಕಟ್ಟಿಹಾಕಿದೆ. ಅಪ್ಪಾಜಿಯನ್ನು ಹೊತ್ತುಕೊಂಡು ಹೋಗುವುದು ಅದಕ್ಕೆ ಕಾಣಲೇ ಇಲ್ಲ.

ಮರುದಿನದಿಂದ ದಿನವೂ ಬೆಳಗ್ಗೆ ಅದು ಆ ಖಾಲಿ ಗೋಡೆಯ ಮುಂದೆ ಚಪ್ಪಲಿ ಇಟ್ಟು ಹಣೆಯೊಡ್ಡಿ ನಿಲ್ಲುತ್ತಿತ್ತು. ಅನ್ನ ಮೂಸಿ ಹಾಗೇ ಬಿಡುತ್ತಿತ್ತು. ಮೂಳೆ ಕಾಣಿಸತೊಡಗಿತು. ನಾಯಿ ಡಾಕ್ಟರು ವಯಸ್ಸಾಗಿದೆ ಎಂದು ಇಂಜೆಕ್ಷನ್ ಕೊಟ್ಟರು.

ಅಮ್ಮ ಒಂದು ದಿನ ಹೇಳಿದರು: "ಅವ್ರು ಹೋದ್ರು ಅಂತ ಅದಕ್ಕೆ ಗೊತ್ತಿಲ್ಲ ಕಣೇ. ಕೂತಿದ್ರಲ್ಲ, ದಿನಾ ಕೂರೋ ಹಂಗೇ. ಮುಟ್ಲಿಲ್ಲ, ಮಾತಾಡ್ಸಲಿಲ್ಲ. ಆಮೇಲೆ ನೀನು ಹೊಡ್ದೆ. ತನ್ ಮೇಲೆ ಸಿಟ್ಟು ಮಾಡ್ಕೊಂಡೇ ಹೊಂಟೋದ್ರು ಅನ್ಕೊಂಡದೆ. ನಾನು ವಿಭೂತಿ ಇಟ್ರೆ ತಲೆ ಕೊಡವ್ಬುಡ್ತದೆ. ಹೊಡ್ದವಳು ನೀನು, ನೀನೇ ಇಟ್ಬುಡು."

"ನಾಯಿಗೆ ಅಷ್ಟೆಲ್ಲ ಗೊತ್ತಾಗಲ್ಲಮ್ಮ."

"ನಾಯಿ ಬಾಲವಾದ್ರೂ ನೆಟ್ಟಗಾದೀತು, ನೀನಾಗಲ್ಲ."

ನಾನು ಹಟಕ್ಕೆ ಬಿದ್ದು ವಿಭೂತಿ ಮುಟ್ಟಲಿಲ್ಲ ಎಂದರೆ ಅರ್ಧ ಸುಳ್ಳು. ನನಗೆ ಹೆದರಿಕೆಯಿತ್ತು. ಅದಕ್ಕೆ ಹಾಗೆಲ್ಲ ಅನ್ನಿಸುವುದು ನಿಜವಾದರೆ, ನಾನು ಹೊಡೆದದ್ದು ಯಾರನ್ನು ಎಂದು ಯೋಚಿಸಬೇಕಾಗುತ್ತಿತ್ತು. ಅಪ್ಪಾಜಿ ಮಾತಾಡದೆ ಹೋದದ್ದು ಅದರ ಜೊತೆ ಮಾತ್ರವಲ್ಲ ಎಂಬುದನ್ನೂ ಯೋಚಿಸಬೇಕಾಗುತ್ತಿತ್ತು. ಹೀಗೆ ಎಷ್ಟೋ ಬೆಳಗುಗಳನ್ನು ಕಳೆದುಬಿಟ್ಟೆ.

ಒಂದು ಬೆಳಗ್ಗೆ ಚಪ್ಪಲಿ ಬಾಗಿಲ ಹತ್ತಿರವೇ ಬಾಯಿಂದ ಜಾರಿ ಬಿತ್ತು. ಮತ್ತೆ ಕಚ್ಚಿ ಎತ್ತಲು ಅದಕ್ಕೆ ಆಗಲಿಲ್ಲ. ಬರಿಬಾಯಲ್ಲಿ ಗೋಡೆಯವರೆಗೆ ಹೋಗಿ, ನಿಲ್ಲಲಾಗದೆ ಕುಸಿದು, ಹಣೆಯನ್ನು ನೆಲಕ್ಕೆ ಹಚ್ಚಿತು. ನನ್ನಿಂದ ತಡೆಯಲಾಗಲಿಲ್ಲ. ಚಪ್ಪಲಿಯನ್ನು ನಾನೇ ತಂದು ಅದರ ಪಕ್ಕದಲ್ಲಿಟ್ಟೆ. ಅಪ್ಪಾಜಿಯ ವಿಭೂತಿ ಗಟ್ಟಿ ತೇದು, ಅವರು ಕೂರುತ್ತಿದ್ದ ಜಾಗದಲ್ಲಿ ಕೂತು, ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಣೆಗೆ ಎಳೆದೆ. ಅದು ನನ್ನ ಬೆರಳು ಮೂಸಿತು. ತಲೆ ಕೊಡವಲಿಲ್ಲ. ಕಣ್ಣು ಮುಚ್ಚಿ ಉದ್ದಕ್ಕೆ ಉಸಿರು ಬಿಟ್ಟಿತು.

"ಅಪ್ಪಾಜಿಗೆ ನಿನ್ ಮೇಲೆ ಸಿಟ್ಟಿಲ್ಲ ಕಣೋ" ಎಂದೆ. "ಒಂಚೂರೂ ಇಲ್ಲ."

ಮಧ್ಯಾಹ್ನದ ಹೊತ್ತಿಗೆ ಅದು ಹೋಯಿತು. ಹಿತ್ತಿಲಲ್ಲಿ ಮಣ್ಣು ಮಾಡಿ, ಚಪ್ಪಲಿಯನ್ನೂ ಜೊತೆಗಿಟ್ಟು, ಕೈಕಾಲು ತೊಳೆದು ಒಳಗೆ ಬಂದೆ. ಅಮ್ಮ ಅಡುಗೆಮನೆಯಲ್ಲಿದ್ದರು. ನಡುಮನೆಯಲ್ಲಿ ಯಾರೂ ಇರಲಿಲ್ಲ. ಆ ಗೋಡೆಯ ಮುಂದೆ ನಾನೂ ತಲೆ ಬಗ್ಗಿಸಿ, ಹಣೆಯೊಡ್ಡಿ ತುಂಬ ಹೊತ್ತು ಕೂತೆ. ಯಾವ ಕೈಯೂ ಬರಲಿಲ್ಲ.